ಕಾರ್ಲಕ್ ಹೊಳೆಗೆ ಸರಿಯಾದ ವಾರ: ಲಾಡ್ಜಿನ ಕ್ಯಾಲೆಂಡರ್ ಬಿಟ್ಟು ಮೀನಿನ ಎಣಿಕೆ ಹಿಡಿದ ಲೆಕ್ಕ

ಅಲಾಸ್ಕಾದ ಕೋಡಿಯಾಕ್ ದ್ವೀಪದ ಕಾರ್ಲಕ್ ಹೊಳೆಯಲ್ಲಿ ಗೈಡ್ ಇಟ್ಟುಕೊಂಡು ಗಾಳ ಹಾಕಲು ಹೋಗುವವರಲ್ಲಿ ಹೆಚ್ಚಿನವರು ಲಾಡ್ಜಿನವರು "ಇದೇ ಒಳ್ಳೆಯ ವಾರ" ಎಂದದ್ದನ್ನು ನಂಬಿ ಮುಂಗಡ ಕಟ್ಟಿಬಿಡುತ್ತಾರೆ. ನಾನೂ ಎರಡು ಸಲ ಹಾಗೇ ಮಾಡಿ ಕಳೆದುಕೊಂಡೆ. ಮೂರನೇ ಸಲ ವಿಯರಿನ (ಮೀನು ಎಣಿಸಲು ಹೊಳೆಗೆ ಅಡ್ಡ ಹಾಕಿದ ಬೇಲಿಯ) ಎಣಿಕೆ ನೋಡಿ ವಾರ ಆರಿಸುತ್ತೇನೆ ಎಂದಾಗ ತಂಡದವರು ಒಪ್ಪಲಿಲ್ಲ. ಆದರೆ ಜೂನ್‌ನ ಆ 6 ದಿನಗಳಲ್ಲಿ 4 ರಾಡುಗಳಿಗೆ 5 ದಿನ ಮಧ್ಯಾಹ್ನದ ಊಟದ ಒಳಗೆ ಸಾಕ್‌ಐ ಎಂಬ ಸಾಲ್ಮನ್ ಮೀನನ್ನು ದಿನಕ್ಕೆ ಇಷ್ಟೇ ಇಟ್ಟುಕೊಳ್ಳಬಹುದು ಎಂಬ ಮಿತಿ ಮುಟ್ಟಿತು. ಲೆಕ್ಕ ಹಿಡಿದ ಬಗೆ ಇಲ್ಲಿದೆ.

ಕಾರ್ಲಕ್‌ನಲ್ಲಿ ಹೊಳೆಗೆ ಅಡ್ಡ ಬೇಲಿ ಹಾಕಿ ಸಾಲ್ಮನ್ ಎಣಿಸುವ ಪದ್ಧತಿ 1921ರಿಂದ ಇದೆ. ದಿನದಿನದ ಅಂಕಿಗಳನ್ನು ರಾಜ್ಯದ ಮೀನು ಇಲಾಖೆ ಪ್ರಕಟಿಸುತ್ತದೆ. ಹತ್ತು ವರ್ಷದ್ದನ್ನು ಇಳಿಸಿಕೊಂಡೆ. ಮೊದಲ ಎಡವಟ್ಟು ಅಲ್ಲೇ ಆಯಿತು: ಪ್ರತಿ ದಿನಾಂಕದ ಸರಾಸರಿ ತೆಗೆದೆ. ಮೀನು ಮುಗಿಬಿದ್ದ ಒಂದೇ ವರ್ಷ ಉಳಿದ ಒಂಬತ್ತನ್ನೂ ನುಂಗಿತು, ಆ ವರ್ಷದ ತುದಿಯೇ (ಮೀನು ಅತಿ ಹೆಚ್ಚು ಬಂದ ಹೊತ್ತೇ) ಎಲ್ಲ ವರ್ಷದ ತುದಿಯಂತೆ ಕಂಡಿತು. ಆಮೇಲೆ ಪ್ರತಿ ವರ್ಷವನ್ನೂ ಬೇರೆ ಇಟ್ಟು, ವರ್ಷದ ಮೊದಲ ಓಟದ (ಮೀನು ಕಡಲಿನಿಂದ ಹೊಳೆಗೆ ಗುಂಪಾಗಿ ಏರಿಬರುವುದರ) ಒಟ್ಟು ಎಣಿಕೆಯಲ್ಲಿ 25, 50, 75 ಶೇಕಡಾ ಯಾವ ದಿನ ದಾಟಿತು ಎಂದಷ್ಟೇ ಬರೆದುಕೊಂಡೆ. ಒಂದೊಂದು ಶೇಕಡಾಕ್ಕೂ ಸಿಕ್ಕ ಹತ್ತು ದಿನಾಂಕಗಳನ್ನು ಸಾಲಾಗಿ ಇಟ್ಟು ನಡುವಿನದನ್ನು ಹಿಡಿದೆ. ಓಟ ದೊಡ್ಡದಿರಲಿ ಸಣ್ಣದಿರಲಿ, ಕಾಲ ಮಾತ್ರ ಕಾಣುತ್ತದೆ.

ನಾನು ಆರಿಸುವ ದಿನಗಳು 25 ಶೇಕಡಾ ದಾಟಿದಲ್ಲಿಂದ 50ರವರೆಗೆ. 50 ದಾಟಿದ ಮೇಲೆ ಮೀನು ಹೆಚ್ಚಿರುತ್ತದೆ ನಿಜ, ಆದರೆ ಹಳೆಯ ಮೀನೂ ಸೇರಿಕೊಳ್ಳುತ್ತದೆ. ಮೈ ಕೆಂಪೇರಿದ ಮೀನಿನ ಮಾಂಸ ಸಪ್ಪೆ. ಇನ್ನೊಂದು ಮಾತು: ಬೇಲಿ ಇರುವುದು ಕಡಲಿನ ಕಡೆ, ಹೊಳೆ ಕಡಲು ಸೇರುವಲ್ಲಿನ ಲಗೂನ್ ಎಂಬ ಹಿನ್ನೀರಿನ ಹತ್ತಿರ. ನೀವು ಹೊಳೆಯ ಮೇಲ್ಭಾಗದ ಪೋರ್ಟೇಜ್ ಎಂಬ ಜಾಗದ ಕಡೆಯ ಮಡುಗಳಲ್ಲಿ ನಿಲ್ಲುವವರಾದರೆ ಬೇಲಿಯ ದಿನಾಂಕಕ್ಕೆ ಸುಮಾರು 3 ದಿನ ಕೂಡಿಸಬೇಕು. ಇದನ್ನು ಬಿಟ್ಟದ್ದಕ್ಕೆ ಒಂದು ಸಲ ಮೊದಲ ಎರಡೂವರೆ ದಿನ ಖಾಲಿ ನೀರಿಗೆ ಗಾಳ ಬೀಸಿದ್ದಾಯಿತು.

ಅಂಕಿ ಮೋಸ ಮಾಡುವ ಜಾಗಗಳೂ ಇವೆ. ವಾಣಿಜ್ಯ ಬಲೆಗಳಿಗೆ ಕಡಲಲ್ಲಿ ಅನುಮತಿ ಸಿಕ್ಕ ಬೆನ್ನಿಗೆ ಬೇಲಿಯ ಎಣಿಕೆ ದಢಕ್ಕನೆ ಬೀಳುತ್ತದೆ; ಅದು ಓಟ ಮುಗಿದ ಗುರುತಲ್ಲ. ನೆರೆ ಬಂದು ಎಣಿಕೆ ನಿಂತ ದಿನಗಳ ಸೊನ್ನೆಯನ್ನು ಸೊನ್ನೆ ಎಂದೇ ಓದಬಾರದು. ಪಿಂಕ್ ಸಾಲ್ಮನ್‌ಗೆ ಎರಡೇ ವರ್ಷದ ಆಯುಸ್ಸು, ಹಾಗಾಗಿ ಸರಿ ವರ್ಷದ ಮೀನು ಬೇರೆ ವಂಶ, ಬೆಸ ವರ್ಷದ್ದು ಬೇರೆ ವಂಶ. ಎರಡನ್ನೂ ಒಂದೇ ಪಟ್ಟಿಗೆ ಹಾಕಿದರೆ ಲೆಕ್ಕ ಕೆಟ್ಟಿತು. ಕೋಹೋ ಎಂಬ ಇನ್ನೊಂದು ಸಾಲ್ಮನ್‌ಗಂತೂ ಈ ವಿಧಾನ ಅರ್ಧ ಮಾತ್ರ ನಡೆಯುತ್ತದೆ, ಏಕೆಂದರೆ ಅದರ ಓಟ ಮುಗಿಯುವ ಮೊದಲೇ ಬೇಲಿ ಎತ್ತಿಬಿಡುತ್ತಾರೆ. ಪಟ್ಟಿಯಲ್ಲಿ ಕಾಣುವ ಕೋಹೋ ತುದಿ ನಿಜವಾದ ತುದಿಯಲ್ಲ. ಅಲ್ಲಿ ಶೇಕಡಾ ಲೆಕ್ಕ ಬಿಟ್ಟು, ಎಣಿಕೆ ಮೊದಲು ನೂರು ದಾಟಿದ ದಿನದಿಂದ ಎಣಿಸುತ್ತೇನೆ. ಅಲ್ಲಿಂದ ಎಷ್ಟು ದಿನ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನಾಲ್ಕು ವರ್ಷ ದುಡ್ಡು ಸುರಿದು ಕಲಿತದ್ದು.

ವಾರ ಸಿಕ್ಕ ಮೇಲೆ ಉಬ್ಬರದ ಪಟ್ಟಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದೊಡ್ಡ ಉಬ್ಬರದ ಜೊತೆ ಹೊಸ ಮೀನು ಒಳಗೆ ನುಗ್ಗುತ್ತದೆ. ದಿನದಿನಕ್ಕೆ ಉಬ್ಬರ ಸುಮಾರು 50 ನಿಮಿಷ ತಡವಾಗುವುದರಿಂದ ವಾರದ ಮೊದಲಿಗೆ ಬೆಳಿಗ್ಗೆ 5ಕ್ಕಿದ್ದದ್ದು ಕೊನೆಗೆ 10ಕ್ಕೆ ಬರುತ್ತದೆ. ಗೈಡ್ ಜೊತೆ ಹೊರಡುವ ಹೊತ್ತನ್ನು ದಿನವೂ ಬದಲಿಸಲು ಮುಂಚೆಯೇ ಮಾತಾಡಿಕೊಳ್ಳಿ. "ತಿಂಡಿ 7ಕ್ಕೆ, ದೋಣಿ 8ಕ್ಕೆ" ಎಂದು ಹಟ ಹಿಡಿಯುವ ಲಾಡ್ಜಿಗೆ ನಾನು ಈಗ ಹೋಗುವುದಿಲ್ಲ. ಗೈಡ್‌ನ ನೋಂದಣಿ, ದಂಡೆಯ ಜಾಗಕ್ಕೆ ಬೇಕಾದ ಅನುಮತಿ ಎರಡನ್ನೂ ಕೇಳಿ ನೋಡಿ. ಕಾರ್ಲಕ್ ಬದಿಯ ನೆಲ ಬಹುಪಾಲು ಕೋನಿಯಾಗ್ ಎಂಬ ಮೂಲನಿವಾಸಿ ನಿಗಮದ್ದು, ಅದರ ಅನುಮತಿ ಬೇರೆಯೇ.

ಇನ್ನು ವಿಮಾನ. ಲಾಡ್ಜಿಗೆ ಒಯ್ಯುವುದು ಸಾಮಾನ್ಯವಾಗಿ ಬೀವರ್ ಎಂಬ ಸಣ್ಣ ಫ್ಲೋಟ್ ವಿಮಾನ, ಅಂದರೆ ಫ್ಲೋಟ್ ಎಂಬ ತೇಲು ಕೊಳವೆಗಳ ಮೇಲೆ ನೀರಿಗೆ ಇಳಿಯುವಂಥದ್ದು. ಪೈಲಟ್, ಇಂಧನ ಬಿಟ್ಟು ಹೊರುವುದು ಅಂದಾಜು 450 ಕಿಲೋ. 4 ಜನ ತಲಾ 90 ಕಿಲೋ ಹಿಡಿದರೆ ಸಾಮಾನಿಗೆ ಉಳಿಯುವುದು 90 ಕಿಲೋ, ಅಂದರೆ ಒಬ್ಬೊಬ್ಬರಿಗೆ 22ರ ಹತ್ತಿರ. ನಾನು 18ಕ್ಕೆ ನಿಲ್ಲಿಸುತ್ತೇನೆ, ಏಕೆಂದರೆ ವೇಡರ್ (ನೀರಲ್ಲಿ ನಿಲ್ಲಲು ಹಾಕುವ ಉದ್ದ ಉಡುಪು), ಬೂಟು ಒದ್ದೆಯಾಗಿ ವಾಪಸು ಬರುವಾಗ 3 ಕಿಲೋ ಏರುತ್ತದೆ. ಮೀನಿನ ಪೆಟ್ಟಿಗೆಯ ತೂಕ ಬೇರೆ. ಜನ ತಮ್ಮ ತೂಕವನ್ನು ಕಡಿಮೆ ಹೇಳುತ್ತಾರೆ. ಬೂಟು ಹಾಕಿಸಿಯೇ ತೂಗಿಸಿ. ಒಮ್ಮೆ ತೂಕ ಮಿತಿ ಮೀರಿ ಎರಡನೇ ಹಾರಾಟಕ್ಕೆ 900 ಡಾಲರ್ ಹತ್ತಿರ ಕೊಟ್ಟದ್ದಿದೆ. ಚೀಲ ಮೆತ್ತನೆಯದೇ ಆಗಬೇಕು, ಚಕ್ರದ ಗಟ್ಟಿ ಪೆಟ್ಟಿಗೆ ಫ್ಲೋಟ್ ವಿಮಾನಕ್ಕೆ ಹೊಂದುವುದಿಲ್ಲ. ರಾಡ್ 4 ತುಂಡಿನದು ಇರಲಿ. ಕರಡಿ ಸ್ಪ್ರೇ ಅನ್ನು ದೊಡ್ಡ ವಿಮಾನದ ಚೀಲದಲ್ಲೂ ಬಿಡುವುದಿಲ್ಲ, ದ್ವೀಪದಲ್ಲೇ ಕೊಳ್ಳಿ. ಪೈಲಟ್ ಅದನ್ನು ಒಳಗಿಡದೆ ಫ್ಲೋಟ್‌ನ ಖಾನೆಗೆ ಹಾಕುತ್ತಾನೆ.

ಹಣ ಉಳಿದದ್ದು ಇಲ್ಲಿ: ನಿಮ್ಮನ್ನು ಇಳಿಸಿದ ವಿಮಾನ ಖಾಲಿ ಮರಳುತ್ತದೆ, ಇನ್ನೊಬ್ಬರನ್ನು ಕರೆತರಲು ಖಾಲಿ ಹೋಗುತ್ತದೆ. ಲಾಡ್ಜಿಗೆ ವಾರ ಬದಲಾಗುವ ದಿನ ಕೇಳಿ ಆ ಖಾಲಿ ಹಾರಾಟದಲ್ಲಿ ಜಾಗ ಹಿಡಿದರೆ ವಿಮಾನ ಬಾಡಿಗೆಯ ಖರ್ಚು ಸುಮಾರು ಮೂರನೇ ಒಂದರಷ್ಟು ಇಳಿಯಿತು.

ಫ್ಲೋಟ್ ವಿಮಾನ ಹಾರುವುದು ಕಣ್ಣಳತೆಯ ಮೇಲೆ. ಮಂಜು ಕವಿದರೆ ಹಾರುವುದಿಲ್ಲ. ಹೋಗುವಾಗ 1 ದಿನ, ಬರುವಾಗ 2 ದಿನ ಕೈಯಲ್ಲಿ ಇಟ್ಟುಕೊಳ್ಳದೆ ಟಿಕೆಟ್ ಮಾಡಬೇಡಿ. ಮೊದಲ ವರ್ಷ ಒಂದೂ ಇಟ್ಟುಕೊಳ್ಳದೆ 2 ದಿನ ಕೋಡಿಯಾಕ್ ಊರಲ್ಲೇ ಕಳೆದವು. ಲಾಡ್ಜಿನವರು ಆ 2 ದಿನದ ಬಾಡಿಗೆ ಹಿಂದಿರುಗಿಸಲಿಲ್ಲ. ಕರಾರಿನಲ್ಲಿ ಹಾಗೇ ಬರೆದಿತ್ತು, ನಾನು ಓದಿರಲಿಲ್ಲ. ವಿಮೆ ಮಾಡಿಸುವಾಗ "ರದ್ದತಿ" ಒಂದೇ ಸಾಲದು, "ವಿಳಂಬ" ಮತ್ತು ವೈದ್ಯಕೀಯ ಸಾಗಾಟ ಎರಡೂ ಇರಬೇಕು. ಮುಂಗಡ ಕಟ್ಟಿದ ವಾರದಲ್ಲೇ ಮಾಡಿಸಿ. ನನ್ನ ಒಟ್ಟು ಖರ್ಚು ತಲಾ 6 ಸಾವಿರ ಡಾಲರ್ ಆಸುಪಾಸು, ಲೈಸೆನ್ಸ್ 7 ದಿನಕ್ಕೆ 45.

ಕಿಂಗ್ ಸಾಲ್ಮನ್ ವಿಷಯ ಗಂಭೀರ. ಕಾರ್ಲಕ್‌ನಲ್ಲಿ ಅದರ ಸಂಖ್ಯೆ ಕುಸಿದಿದೆ. ಹೊರಡುವ ಹಿಂದಿನ ದಿನವೂ ಇಲಾಖೆಯ ತುರ್ತು ಆದೇಶ ನೋಡಿ. ಸಾಕ್‌ಐಗೆ ಹಾಕಿದ ಗಾಳಕ್ಕೆ ಕಿಂಗ್ ಬಿದ್ದರೆ ನೀರಿನಿಂದ ಮೇಲೆತ್ತದೆ ಬಿಡಿಸಿ. ಗಾಳ ಸಾಕ್‌ಐಯ ಬಾಯಿಗೆ ಸಿಗದೆ ಮೈಗೆ ಚುಚ್ಚಿಕೊಂಡರೆ ಅದನ್ನೂ ಇಟ್ಟುಕೊಳ್ಳುವಂತಿಲ್ಲ. ಕರಡಿ ಹತ್ತಿರ ಬಂದಾಗ ಮೀನು ಗಾಳದಲ್ಲಿದ್ದರೆ ದಾರ ಕಡಿದುಬಿಡಿ. ಮನುಷ್ಯನ ಗಾಳದ ಸದ್ದೆಂದರೆ ಮೀನು ಎಂದು ಕರಡಿ ಕಲಿತರೆ ಮುಂದೆ ಬರುವ ತಂಡಕ್ಕೂ ಅಪಾಯ, ಆ ಕರಡಿಗೂ ಅಪಾಯ.

ಒಂದು ಪಕ್ಕದ ಪ್ರಯೋಗ ಮೀನು ಹೆಪ್ಪುಗಟ್ಟಿಸುವುದರದು. ಲಾಡ್ಜಿನ ಜನರೇಟರ್ ದಿನವಿಡೀ ಓಡುವುದಿಲ್ಲ. ವ್ಯಾಕ್ಯೂಮ್ ಪ್ಯಾಕೆಟ್‌ಗಳನ್ನು ಒಂದರ ಮೇಲೊಂದು ಪೇರಿಸಿದಾಗ ನಡುವಿನವು 30 ಗಂಟೆ ಕಳೆದರೂ ಮೆತ್ತಗೇ ಇದ್ದವು. ಟ್ರೇ ಮೇಲೆ ಒಂದೇ ಪದರ ಹಾಸಿದವು ರಾತ್ರಿಯ ಮೇಲೆ ಒಂದು ಹಗಲಲ್ಲಿ ಕಲ್ಲಾದವು. ಹಾಗಾಗಿ ಕೊನೆಯ ದಿನ ಹಿಡಿದ ಮೀನನ್ನು ಲಾಡ್ಜಿನಲ್ಲೇ ತಿನ್ನುತ್ತೇವೆ, ಪೆಟ್ಟಿಗೆಗೆ ಹಾಕುವುದಿಲ್ಲ. 50 ಪೌಂಡಿನ ಪೆಟ್ಟಿಗೆಗೆ 4 ಕಿಲೋದ 9 ಕೋಹೋಗಳ ಫಿಲೆ (ಮೂಳೆ ಬಿಡಿಸಿದ ಮಾಂಸ) ಹಿಡಿಸುತ್ತದೆ, ಹತ್ತನೆಯದಕ್ಕೆ ತೂಕ ಮೀರುತ್ತದೆ. ಡ್ರೈ ಐಸ್ (ಗಟ್ಟಿಯಾಗಿಸಿದ ಇಂಗಾಲದ ಡೈಆಕ್ಸೈಡ್) ಬಳಸುವುದಾದರೆ ಒಬ್ಬರಿಗೆ 2.5 ಕಿಲೋ ಮಿತಿ, ಅನಿಲ ಹೊರಹೋಗಲು ಪೆಟ್ಟಿಗೆಯಲ್ಲಿ ಸಂದು ಇರಲೇಬೇಕು, ವಿಮಾನ ಸಂಸ್ಥೆಗೆ ಮೊದಲೇ ತಿಳಿಸಬೇಕು. ಕಲ್ಲಾದ ಮೀನಿಗೆ ಪತ್ರಿಕೆ ಸುತ್ತಿ ಬಿಗಿಯಾಗಿ ತುಂಬಿದ ಪೆಟ್ಟಿಗೆ ನಮಗೆ ಡ್ರೈ ಐಸ್ ಇಲ್ಲದೆಯೇ 20 ಗಂಟೆ ತಡೆಯಿತು, ಮೂಲೆಯ ಎರಡು ಪ್ಯಾಕೆಟ್ ಮಾತ್ರ ಅಂಚಿನಲ್ಲಿ ಮೆತ್ತಗಾಗಿದ್ದವು.