ಶಾಲೆಯ ಕೆಲಸಕ್ಕೆ ಶಾಸಕರ ಹತ್ತಿರ ಹೋಗುವಾಗ ಕೈಯಲ್ಲಿ ಏನಿರಬೇಕು?

ಟೀಚರ್ ಇಲ್ಲ, ಕೊಠಡಿ ಸೋರುತ್ತಿದೆ ಅಂತ ಊರಿನವರು ಶಾಸಕರ ಮನೆಗೆ ಹೋಗುತ್ತಾರೆ. ಹಾರ ಹಾಕುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. "ಮಾಡಿಸೋಣ" ಅಂತ ಅವರೂ ಹೇಳುತ್ತಾರೆ. ಕೆಲಸ ಮಾತ್ರ ಆಗುವುದಿಲ್ಲ. ರಸ್ತೆ, ಪಿಂಚಣಿ, ವರ್ಗಾವಣೆ ಅಂತ ದಿನವಿಡೀ ಜನ ಬರುವ ಜಾಗದಲ್ಲಿ ಬಾಯಿಮಾತು ಯಾರಿಗೆ ನೆನಪಿರುತ್ತದೆ? ಅದಕ್ಕೇ ಮೊದಲು ಕಾಗದ ಸಿದ್ಧವಾಗಲಿ.

ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಕರೆಯಿರಿ. ನಡಾವಳಿ ಪುಸ್ತಕದಲ್ಲಿ ಬೇಡಿಕೆ ಬರೆಸಿ, ಪೋಷಕರ ಸಹಿ ಹಾಕಿಸಿ. ಆಮೇಲೆ ಮನವಿ ಬರೆಯಿರಿ. ಒಂದೇ ಪುಟ ಸಾಕು. ಶಾಲೆಯ ಹೆಸರು, 11 ಅಂಕಿಯ ಯುಡೈಸ್ ಕೋಡ್ (ಪ್ರತಿ ಶಾಲೆಗೂ ಇರುವ ಸರ್ಕಾರಿ ಗುರುತಿನ ಸಂಖ್ಯೆ), ತರಗತಿವಾರು ಮಕ್ಕಳ ಸಂಖ್ಯೆ, ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಇಷ್ಟು ಇರಲೇಬೇಕು. "ಮಕ್ಕಳಿಗೆ ತುಂಬಾ ತೊಂದರೆ" ಅಂತ ಸುಮ್ನೆ ಬರೆದರೆ ಓದಿ ಪಕ್ಕಕ್ಕಿಡುತ್ತಾರೆ. ಅದರ ಬದಲು ಕಾನೂನು ಹಿಡಿದು ಮಾತಾಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 1ರಿಂದ 5ನೇ ತರಗತಿಗೆ 30 ಮಕ್ಕಳಿಗೊಬ್ಬರು, 6ರಿಂದ 8ಕ್ಕೆ 35 ಮಕ್ಕಳಿಗೊಬ್ಬರು ಶಿಕ್ಷಕರು ಬೇಕು. ಹುಡುಗರಿಗೆ ಬೇರೆ, ಹುಡುಗಿಯರಿಗೆ ಬೇರೆ ಶೌಚಾಲಯ ಬೇಕು, ಕುಡಿಯುವ ನೀರು ಬೇಕು. ಇದರಲ್ಲಿ ನಿಮ್ಮ ಶಾಲೆಗೆ ಯಾವುದು ಇಲ್ಲವೋ ಅದನ್ನು ಅಂಕಿ ಸಮೇತ ಬರೆಯಿರಿ.

ಯಾವುದು ಶಾಸಕರ ಕೈಯಲ್ಲಿದೆ, ಯಾವುದು ಇಲ್ಲ ಅನ್ನುವುದೂ ಗೊತ್ತಿರಲಿ. ಕೊಠಡಿ, ಶೌಚಾಲಯ, ಕಾಂಪೌಂಡ್‌ಗೆ ಶಾಸಕರ ಪ್ರದೇಶಾಭಿವೃದ್ಧಿ ನಿಧಿಯಿಂದ ಹಣ ಕೇಳಬಹುದು. ಆದರೆ ಅದು ಇಡೀ ಕ್ಷೇತ್ರಕ್ಕೆ ವರ್ಷಕ್ಕೆ 2 ಕೋಟಿ ರೂಪಾಯಿ, ಎಷ್ಟು ಶಾಲೆಗೆ ಸಾಕಾಗುತ್ತದೆ ಹೇಳಿ. ಶಿಕ್ಷಕರನ್ನು ನೇಮಿಸುವುದಂತೂ ಅವರ ಕೈಯಲ್ಲಿಲ್ಲ, ಅದು ಇಲಾಖೆಯ ಕೆಲಸ. ಅಲ್ಲಿ ಅವರಿಂದ ಆಗುವುದು ಒತ್ತಡ ಹಾಕುವುದು, ಅದಕ್ಕೆ ಎರಡು ಜಾಗ ಇವೆ.

ಒಂದು, ತಾಲ್ಲೂಕು ಕೆಡಿಪಿ ಸಭೆ, ಅಂದರೆ ಇಲಾಖೆಗಳ ಕೆಲಸದ ಪ್ರಗತಿ ಪರಿಶೀಲಿಸುವ ಸಭೆ. ಅದಕ್ಕೆ ಶಾಸಕರೇ ಅಧ್ಯಕ್ಷರು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಎದುರಿಗೇ ಕೂತಿರುತ್ತಾರೆ. ಸಭೆ ಯಾವತ್ತು ಅಂತ ಪಿಎ ಹತ್ತಿರ ಕೇಳಿಕೊಂಡು, ಹಿಂದಿನ ದಿನವೇ ಮನವಿಯ ಪ್ರತಿ ತಲುಪಿಸಿ.

ಇನ್ನೊಂದು ವಿಧಾನಸಭೆ. ನನಗೆ ಇದೇ ಜಾಸ್ತಿ ಮುಖ್ಯ, ಜನ ಮರೆಯುವುದೂ ಇದನ್ನೇ. 224 ಶಾಸಕರಲ್ಲಿ ಮಂತ್ರಿಯೋ ಸಭಾಧ್ಯಕ್ಷರೋ ಆಗದವರು ಯಾರು ಬೇಕಾದರೂ ಶಿಕ್ಷಣ ಸಚಿವರಿಗೆ ಪ್ರಶ್ನೆ ಹಾಕಬಹುದು. ಚುಕ್ಕೆ ಗುರುತಿನ ಪ್ರಶ್ನೆಗೆ ಸದನದಲ್ಲೇ ಉತ್ತರ, ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ. ಪ್ರಶ್ನೆಯನ್ನು ನೀವೇ ಬರೆದುಕೊಟ್ಟರೆ ಅವರಿಗೂ ಸುಲಭ, ಅಲ್ವಾ? ಸದನದ ಧಾಟಿ ಹೀಗಿರುತ್ತದೆ:

ಅ) ನಮ್ಮ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಶಿಕ್ಷಕರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ;
ಆ) ಬಂದಿದ್ದಲ್ಲಿ, ಖಾಲಿ ಹುದ್ದೆಗಳೆಷ್ಟು, (ಶಾಲಾವಾರು ವಿವರ ನೀಡುವುದು)
ಇ) ಯಾವ ಕಾಲಮಿತಿಯಲ್ಲಿ ಭರ್ತಿ ಮಾಡಲಾಗುವುದು?

"ಶಾಲಾವಾರು" ಅನ್ನುವ ಪದ ಬಿಡಬೇಡಿ. ಅದಿಲ್ಲದಿದ್ದರೆ ಇಡೀ ಜಿಲ್ಲೆಯ ಒಂದು ಮೊತ್ತ ಕೊಟ್ಟು ಮುಗಿಸುತ್ತಾರೆ, ನಿಮ್ಮ ಶಾಲೆ ಅದರೊಳಗೆ ಕಳೆದುಹೋಗುತ್ತದೆ. ಅಧಿವೇಶನ ಶುರುವಾದ ಮೇಲೆ ಓಡಬೇಡಿ, ಪ್ರಶ್ನೆಗೆ ಮುಂಚಿತವಾಗಿ ನೋಟಿಸ್ ಕೊಡಬೇಕು. ಬೆಳಗಾವಿಯ ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ ನಡೆಯುತ್ತದೆ, ಅದಕ್ಕೆ ನವೆಂಬರ್ ಮೊದಲೇ ಹೋಗಿ. ನಿಮ್ಮ ಶಾಸಕರೇ ಮಂತ್ರಿಯೋ ಸಭಾಧ್ಯಕ್ಷರೋ ಆಗಿದ್ದರೆ ಪ್ರಶ್ನೆ ಹಾಕಲು ಆಗುವುದಿಲ್ಲ. ಆಗ ವಿಧಾನ ಪರಿಷತ್ತಿನ ಕಡೆ ತಿರುಗಿ. ಅಲ್ಲಿನ 75 ಸ್ಥಾನದಲ್ಲಿ 7 ಶಿಕ್ಷಕರ ಕ್ಷೇತ್ರದವು, ಇನ್ನು 7 ಪದವೀಧರರ ಕ್ಷೇತ್ರದವು. ಪ್ರಾಥಮಿಕ ಶಾಲೆ ಶಿಕ್ಷಕರಿಗೆ ಆ ಶಿಕ್ಷಕರ ಕ್ಷೇತ್ರದಲ್ಲಿ ಮತವಿಲ್ಲ ನಿಜ, ಆದರೂ ಕೇಳುವುದಕ್ಕೆ ಏನೂ ಅಡ್ಡಿಯಿಲ್ಲ.

ಈಗ ಸನ್ಮಾನದ ವಿಷಯ. ಪ್ರತಿಭಾ ಪುರಸ್ಕಾರಕ್ಕೆ ಶಾಸಕರನ್ನು ಕರೆದು ಅವರಿಗೇ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಡುವುದು ರೂಢಿಯಾಗಿದೆ. ಅದನ್ನು ತಿರುಗಿಸಿ. ಶಾಲೆಗೆ ಜಾಗ ಕೊಟ್ಟವರು, ಬಿಸಿಯೂಟದ ಅಡುಗೆಯವರು, ರಜೆಯಲ್ಲೂ ಪಾಠ ಹೇಳಿದ ಮೇಷ್ಟ್ರು, ಇವರಿಗೆ ಶಾಸಕರ ಕೈಯಿಂದ ಶಾಲು ಹೊದಿಸಿ. ಅವರು ಏನು ಮಾಡಿದರು ಅಂತ ನಾಲ್ಕು ಸಾಲು ಬರೆದು ಮೈಕಿನಲ್ಲಿ ಓದಿಸಿ. ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ ಅವರನ್ನು ನೆನಪಿಸಿಕೊಳ್ಳಿ. ತಮ್ಮೂರಿಗೆ ಶಾಲೆ ಬೇಕು ಅಂತ ಹಟ ಹಿಡಿದರು, ಶಾಸಕರಾಗಿದ್ದ ಯು.ಟಿ. ಫರೀದ್ ನೆರವಾದರು, ಶಾಲೆ ಬಂತು. 2020ರಲ್ಲಿ ಹಾಜಬ್ಬರಿಗೆ ಪದ್ಮಶ್ರೀ ಘೋಷಣೆಯಾಯಿತು. ಇಂಥವರು ನಿಮ್ಮೂರಲ್ಲೂ ಇರುತ್ತಾರೆ, ಹೆಸರು ಹೊರಗೆ ಬಂದಿರುವುದಿಲ್ಲ ಅಷ್ಟೆ. ಮನವಿಯನ್ನೂ ಅದೇ ವೇದಿಕೆಯಲ್ಲಿ, ಊರಿನವರೆಲ್ಲ ನೋಡುವಾಗಲೇ ಕೊಡಿ.

ಮನವಿ ಕೊಟ್ಟಾಗ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಸಹಿ, ದಿನಾಂಕ ಹಾಕಿಸಿಕೊಳ್ಳಿ. ಪ್ರಶ್ನೆ ಹೋಗಿದ್ದರೆ ಉತ್ತರ ವಿಧಾನಸಭೆಯ ಜಾಲತಾಣದಲ್ಲಿ ಸಿಗುತ್ತದೆ, ಮುದ್ರಿಸಿಕೊಂಡು ಶಾಲೆಯ ಕಡತಕ್ಕೆ ಸೇರಿಸಿ. "ಪರಿಶೀಲನೆಯಲ್ಲಿದೆ" ಅಂತ ಬಂದಿದ್ದರೆ ಬೇಸರ ಬೇಡ. ಆ ಪ್ರಶ್ನೆಯ ಸಂಖ್ಯೆ ಬರೆದು, ಪರಿಶೀಲನೆ ಯಾವ ಹಂತಕ್ಕೆ ಬಂತು ಅಂತ ಮುಂದಿನ ಅಧಿವೇಶನಕ್ಕೆ ಮತ್ತೆ ಕೇಳಿಸಿ.