ಟೊಮೆಟೊ ಬೇರಿನಲ್ಲಿ ಗಂಟು: ಗುರುತಿಸುವುದು ಹೇಗೆ, ತಡೆಯುವುದು ಹೇಗೆ?

ನೆಲದಲ್ಲಿ ತೇವವಿದ್ದರೂ ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಳ್ಳುವ, ಹೊಲದ ಅಲ್ಲಲ್ಲಿ ಗುಂಪುಗುಂಪಾಗಿ ಕುಬ್ಜವಾಗಿ ಹಳದಿಗೆ ತಿರುಗುವ ಟೊಮೆಟೊ ಗಿಡಗಳನ್ನು ಕಂಡಾಗ ಗೊಬ್ಬರ ಸಾಲದೆಂದು ಯೂರಿಯಾ ಹಾಕುವವರೇ ಹೆಚ್ಚು. ಅದಕ್ಕೂ ಮೊದಲು ಬೇರನ್ನು ನೋಡಬೇಕು.

ಗಿಡವನ್ನು ಕೈಯಿಂದ ಕಿತ್ತರೆ ಎಳೆಬೇರುಗಳು ಮಣ್ಣಿನಲ್ಲೇ ಕಡಿದು ಉಳಿಯುತ್ತವೆ. ಆದ್ದರಿಂದ ಸುತ್ತಲೂ ಅಗೆದು, ಮಣ್ಣಿನ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಮೆಲ್ಲಗೆ ಅಲುಗಿಸಿ ತೊಳೆಯಿರಿ. ಬೇರೇ ಊದಿಕೊಂಡು ಗಂಟುಗಂಟಾಗಿದ್ದರೆ ಅದು ಬೇರುಗಂಟು ಜಂತುಹುಳುವಿನ ಹಾವಳಿ. ಅಲಸಂದೆಯಂಥ ದ್ವಿದಳ ಬೆಳೆಗಳಲ್ಲಿ ಕಾಣುವ ರೈಜೋಬಿಯಂ (ಬೆಳೆಗೆ ಸಾರಜನಕ ಒದಗಿಸುವ ಬ್ಯಾಕ್ಟೀರಿಯಾ) ಗಂಟುಗಳು ಬೇರೆ: ಅವು ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು, ಬೆರಳಿನಿಂದ ಉಜ್ಜಿದರೆ ಕಳಚಿ ಬರುತ್ತವೆ. ಸಂದೇಹವಿದ್ದರೆ ಹೊಲದ ಹಲವು ಕಡೆಯಿಂದ, 15ರಿಂದ 20 ಸೆಂ.ಮೀ. ಆಳದ ಮಣ್ಣನ್ನು ಬೇರಿನ ತುಣುಕುಗಳೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಪ್ರಯೋಗಾಲಯಕ್ಕೆ ಕಳುಹಿಸಿ. ಆ ಮಣ್ಣು ಒಣಗಬಾರದು, ಬಿಸಿಲಿಗೂ ಬೀಳಬಾರದು. ಪರೀಕ್ಷೆಗೆ ಹುಳುಗಳು ಜೀವಂತವಾಗಿರಬೇಕು.

ಬರಿಗಣ್ಣಿಗೆ ಕಾಣದಷ್ಟು ಸಣ್ಣ ಮರಿಹುಳು ಬೇರಿನ ತುದಿಯ ಬಳಿ ಒಳಹೊಕ್ಕು ಒಂದೆಡೆ ನೆಲೆಸುತ್ತದೆ. ಅದು ಉಗುಳುವ ರಸದಿಂದ ಸುತ್ತಲಿನ ಕೆಲವು ಜೀವಕೋಶಗಳು ದೈತ್ಯಾಕಾರಕ್ಕೆ ಬೆಳೆದು ಹುಳುವಿಗೆ ಆಹಾರ ಒದಗಿಸುತ್ತಿದ್ದರೆ, ಗಿಡಕ್ಕೆ ನೀರು ಸಾಗುವ ದಾರಿ ಕೆಡುತ್ತದೆ. ಹೆಣ್ಣು ಹುಳು ಅಂಟಿನಂಥ ಕೋಶವೊಂದರಲ್ಲಿ ನೂರಾರು ಮೊಟ್ಟೆ ಇಡುತ್ತದೆ. ಬೆಚ್ಚನೆಯ ಮಣ್ಣಿನಲ್ಲಿ ಸುಮಾರು ಒಂದು ತಿಂಗಳಲ್ಲಿ ಒಂದು ತಲೆಮಾರು ಮುಗಿಯುವುದರಿಂದ ಒಂದೇ ಬೆಳೆಯಲ್ಲಿ ಹಲವು ತಲೆಮಾರುಗಳು ಹುಟ್ಟುತ್ತವೆ. ಬೇರಿನೊಳಗೆ ಸೇರಿದ ಹುಳುವನ್ನು ನಿಂತ ಬೆಳೆಯಲ್ಲಿ ಪೂರ್ತಿ ನಿವಾರಿಸಲಾಗದು. ಆದ್ದರಿಂದ ಮುಖ್ಯ ಕೆಲಸವೆಲ್ಲ ನಾಟಿಗೆ ಮೊದಲೇ ಆಗಬೇಕು.

ಏಪ್ರಿಲ್–ಮೇ ತಿಂಗಳಲ್ಲಿ ಆಳವಾಗಿ ಉಳುಮೆ ಮಾಡಿ ಮಣ್ಣನ್ನು ಬಿಸಿಲಿಗೆ ತೆರೆದಿಡಿ. ಸಸಿಮಡಿಯ ಜಾಗಕ್ಕೆ ನೀರುಣಿಸಿ, ತೆಳುವಾದ ಪಾರದರ್ಶಕ ಪಾಲಿಥೀನ್ ಹಾಳೆ ಹೊದಿಸಿ, ಅಂಚುಗಳನ್ನು ಮಣ್ಣಿನಿಂದ ಮುಚ್ಚಿ ನಾಲ್ಕರಿಂದ ಆರು ವಾರ ಬಿಡಿ. ಕಪ್ಪು ಹಾಳೆಯಿಂದ ಮಣ್ಣು ಅಷ್ಟು ಕಾಯುವುದಿಲ್ಲ. ಸಸಿ ಕೊಳ್ಳುವವರು ನಾಲ್ಕಾರು ಸಸಿಗಳ ಬೇರು ತೊಳೆದು ನೋಡಿಯೇ ಹಣ ಕೊಡುವುದು ಒಳ್ಳೆಯದು, ಏಕೆಂದರೆ ಹೊಸ ಜಮೀನಿಗೆ ಈ ಹುಳು ಬಹುತೇಕ ಸಸಿಯ ಜೊತೆಯಲ್ಲೇ ಬರುತ್ತದೆ.

ನಾಟಿಗೆ ಮುಂಚೆ ಬೇವಿನ ಹಿಂಡಿ ಸೇರಿಸಿ. ಒಂದು ಟನ್ ಕೊಟ್ಟಿಗೆ ಗೊಬ್ಬರಕ್ಕೆ ಎರಡು ಕಿಲೋ ಪೆಸಿಲೋಮೈಸಿಸ್ ಶಿಲೀಂಧ್ರದ ಪುಡಿ ಬೆರೆಸಿ, ನೆರಳಿನಲ್ಲಿ ಹದವಾದ ತೇವದಲ್ಲಿ 15 ದಿನ ಮುಚ್ಚಿಟ್ಟು ಬಳಸಿದರೆ ಅದು ಹುಳುವಿನ ಮೊಟ್ಟೆಗಳನ್ನು ನಾಶಮಾಡುತ್ತದೆ. ಹಾವಳಿ ತೀವ್ರವಾಗಿದ್ದ ಹೊಲದಲ್ಲಿ ಬದನೆ, ಬೆಂಡೆ, ಸೌತೆಯನ್ನು ಟೊಮೆಟೊ ಬಳಿಕ ಹಾಕಬೇಡಿ. ಅವೂ ಇದೇ ಹುಳುವಿಗೆ ಆಹಾರ. ಬದಲಿಗೆ ಚೆಂಡುಹೂವನ್ನು ಒಂದು ಪೂರ್ಣ ಬೆಳೆಯಾಗಿ ಬೆಳೆಯಿರಿ. ಬದುವಿನಲ್ಲಿ ನಾಲ್ಕು ಗಿಡ ನೆಟ್ಟರೆ ಪ್ರಯೋಜನ ಅಲ್ಪ.

ನಿರೋಧಕ ತಳಿಗಳೂ ಇವೆ, ಆದರೆ ಮಣ್ಣಿನ ಉಷ್ಣಾಂಶ 28 ಡಿಗ್ರಿ ದಾಟಿದರೆ ಟೊಮೆಟೊದ ಈ ನಿರೋಧಕ ಗುಣ ಕುಂದುತ್ತದೆ. ಬೇಸಿಗೆ ಬೆಳೆಗೆ ಅದೊಂದನ್ನೇ ನೆಚ್ಚಬಾರದು. ಕೊಯ್ಲು ಮುಗಿದ ಮೇಲೆ ಗಂಟುಬೇರುಗಳನ್ನು ಅಗೆದು ತೆಗೆದು ಸುಡಿ, ಟಿಲ್ಲರಿನ ಹಲ್ಲಿಗೆ ಮೆತ್ತಿದ ಮಣ್ಣನ್ನು ತೊಳೆದೇ ಪಕ್ಕದ ಹೊಲಕ್ಕೆ ಇಳಿಸಿ.