ಪುಣೆ ಮಳೆಯಲ್ಲಿ ಏಯೋನಿಯಮ್: ನನ್ನ ಅನುಭವ

ಏಯೋನಿಯಮ್ ಅಂದರೆ ಗುಲಾಬಿಯ ಹಾಗೆ ಎಲೆ ಜೋಡಿಸಿಕೊಳ್ಳುವ, ಎಲೆಯಲ್ಲೇ ನೀರು ಕೂಡಿಡುವ ಒಂದು ಸಕ್ಯುಲೆಂಟ್ ಗಿಡ. ಪುಣೆಯಲ್ಲಿ ಅದು ಮಳೆಗಾಲ ದಾಟಲ್ಲ ಅಂತ ನನಗೆ ಹೇಳದವರೇ ಇಲ್ಲ. ನಮ್ಮ ಕನ್ನಡ ಬಳಗದಲ್ಲಿ ಧಾರವಾಡದ ಕಾಕಾ ಒಬ್ಬರಿದ್ದಾರೆ, ಕ್ಯಾಕ್ಟಸ್ ಬೆಳೆಸುವುದರಲ್ಲಿ ಪಳಗಿದ ಕೈ. ಅವರೂ "ತಂಗಿ, ಸುಮ್ನ ರೊಕ್ಕಾ ಹಾಳ ಮಾಡ್ಕೋಬ್ಯಾಡ" ಅಂದಿದ್ದರು. ಈಗ ಕೊತ್ರೂಡಿನ ನಮ್ಮ ಟೆರೇಸಿನಲ್ಲಿ ಹಲವು ಮಳೆಗಾಲ ಕಂಡ ಗಿಡಗಳಿವೆ. ಹೋದ ಚಳಿಗಾಲದಲ್ಲಿ ಅದೇ ಕಾಕಾ ನೆಡಲು ನನ್ನಿಂದ ಕಟಿಂಗ್ ಒಯ್ದರು.

ಕಳೆದುಕೊಂಡದ್ದೂ ಕಮ್ಮಿಯೇನಲ್ಲ. ಹದಿನೈದು ಸಾವಿರ ರೂಪಾಯಿಯ ಹತ್ತಿರದ ಗಿಡ ಕೊಳೆತೇ ಹೋಯಿತು. ಮೇಲೆ ಎಲೆಗಳು ಹಸಿರಾಗೇ ಇರುತ್ತವೆ, ಬುಡ ಒಳಗೊಳಗೇ ಮೆತ್ತಗಾಗಿರುತ್ತದೆ. ಬೆರಳು ತಾಗಿಸಿದರೆ ತಲೆಯೇ ಕಳಚಿ ಕೈಗೆ ಬರುತ್ತದೆ. ಒಂದು ನರ್ಸರಿಯವರು ಬೇರಿನ ಮಣ್ಣೆಲ್ಲ ತೊಳೆದು ಜೂನ್‌ನಲ್ಲಿ ಕಳಿಸಿದ್ದರು. ಆ ಪೆಟ್ಟಿಗೆಯಲ್ಲಿ ಒಂದೂ ಉಳಿಯಲಿಲ್ಲ, ದುಡ್ಡೂ ವಾಪಸ್ ಬರಲಿಲ್ಲ.

ಎಲ್ಲರೂ ಕೊಡುವ ಸಲಹೆ ಒಂದೇ: ಬೇಸಿಗೆಯಲ್ಲಿ ಮಲಗುತ್ತದೆ (ಅಂದರೆ ಬೆಳವಣಿಗೆ ನಿಲ್ಲಿಸುತ್ತದೆ), ನೀರು ನಿಲ್ಲಿಸಿ. ಎಲ್ಲ ಜಾತಿಗೂ ಇದನ್ನೇ ಹೇಳುವುದರಿಂದಲೇ ಗಿಡ ಸಾಯುವುದು ಅನ್ನೋದು ನನ್ನ ವಾದ. ಏಯೋನಿಯಮ್‌ನಲ್ಲಿ ಸುಮಾರು 35–40 ಜಾತಿಗಳಿವೆ, ಹೆಚ್ಚಿನವು ಆಫ್ರಿಕಾ ಕರಾವಳಿಯಾಚೆಯ ಕ್ಯಾನರಿ ದ್ವೀಪಗಳವು. ಅಲ್ಲಿನ ಟೆನೆರಿಫ್ ದ್ವೀಪ ಒಂದನ್ನೇ ನೋಡಿ. ನಡುವೆ 3,700 ಮೀಟರ್ ದಾಟಿದ ಟೇಯ್ಡೆ ಜ್ವಾಲಾಮುಖಿ. ಉತ್ತರದ ಇಳಿಜಾರಿಗೆ ಸಮುದ್ರದ ಗಾಳಿ ಮೋಡ ತಂದು ನಿಲ್ಲಿಸುತ್ತದೆ, ದಕ್ಷಿಣ ಒಣಗಿಕೊಂಡಿರುತ್ತದೆ. ಕೆಲವೇ ಕಿಲೋಮೀಟರಿನೊಳಗೆ ಹವೆ ಬದಲು. ಒಂದೇ ಕುಲದ ಗಿಡಗಳು ಒಂದೊಂದು ಮೂಲೆ ಹಿಡಿದು ಬೇರೆ ಬೇರೆ ಆಗಿಬಿಟ್ಟಿವೆ. ಕ್ಯುನಿಯೇಟಮ್ ಅನ್ನೋ ಜಾತಿ ಅಲ್ಲಿನ ಅನಾಗಾ ಬೆಟ್ಟದ ಮಂಜುಕಾಡಿನದು. ಸೆಡಿಫೋಲಿಯಮ್ ಒಣ ಬಂಡೆಯದು, ಎಲೆ ಪುಟ್ಟದು, ದಪ್ಪ. ಟ್ಯಾಬ್ಯುಲಿಫಾರ್ಮೆ ಕಡಿದಾದ ಬಂಡೆಗೆ ತಟ್ಟೆಯ ಹಾಗೆ ಅಂಟಿಕೊಂಡಿರುತ್ತದೆ.

ಹಾಗಾಗಿ ನಾನು ಯಾವ ಜಾತಿ ಯಾವ ಜಾಗದ್ದು ಅಂತ ನೋಡಿ ಗುಂಪು ಮಾಡಿದೆ. ಕ್ಯುನಿಯೇಟಮ್ ಪೂರ್ವದ ಗೋಡೆಯ ನೆರಳಿಗೆ ಹೋಯಿತು. ಏಪ್ರಿಲ್-ಮೇನಲ್ಲೂ ಅದಕ್ಕೆ ಸಂಜೆ ಚೂರು ನೀರು ಕೊಡುತ್ತೇನೆ, ಪೂರ್ತಿ ಒಣಗಿಸಲ್ಲ. ಸೆಡಿಫೋಲಿಯಮ್‌ಗೆ ಮೇಯಿಂದ ಸೆಪ್ಟೆಂಬರ್‌ವರೆಗೆ ಹನಿಯೂ ಇಲ್ಲ. ಎಲೆ ಉದುರಿ ಕಡ್ಡಿ ಉಳಿದರೂ ಮುಟ್ಟಲ್ಲ. ಟ್ಯಾಬ್ಯುಲಿಫಾರ್ಮೆಯ ಕುಂಡವನ್ನು ಅಡ್ಡ ಮಲಗಿಸಿದ್ದೇನೆ, ಗಿಡ ಗೋಡೆಗೆ ನೇತುಹಾಕಿದ ಹಾಗೆ ನಿಲ್ಲುತ್ತದೆ. ಎಲೆಚಕ್ರದ ನಡುವೆ ನೀರು ನಿಲ್ಲುವುದೇ ಇಲ್ಲ. ನೋಡಿದವರು ನಕ್ಕರು, ಆದರೆ ನನ್ನ ಲೆಕ್ಕದಲ್ಲಿ ಅತಿ ಜಾಸ್ತಿ ಕೆಲಸಕ್ಕೆ ಬಂದದ್ದು ಇದೇ. ಈ ಜಾತಿ ಸಾಮಾನ್ಯವಾಗಿ ಮರಿ ಹಾಕುವುದಿಲ್ಲ, ಒಮ್ಮೆ ಹೂಬಿಟ್ಟು ಸಾಯುತ್ತದೆ. ಅದಕ್ಕೇ ಬೀಜ ಕೂಡಿಡಬೇಕು. ಧೂಳಿನಂಥ ಬೀಜ, ಫ್ಯಾನ್ ನಿಲ್ಲಿಸಿ ಬಿತ್ತಿ.

ಕ್ಯಾನರಿಯಲ್ಲಿ ಮಳೆ ಚಳಿಗಾಲದ್ದು, ನಮ್ಮಲ್ಲಿ ಈ ಗಿಡಗಳು ಮಲಗಿರುವಾಗಲೇ ಸುರಿಯುತ್ತದೆ. ಅದಕ್ಕೆ ಆರೇಳು ಸಾವಿರ ಕೊಟ್ಟು ಪಾಲಿಕಾರ್ಬನೇಟ್ ಶೀಟ್ ಹಾಕಿಸಿದೆ. ಶೀಟಿಗಿಂತ ಮುಖ್ಯ ಅದರ ಕೆಳಗಿನ ಹಳೇ ಟೇಬಲ್ ಫ್ಯಾನ್. ಜುಲೈನಲ್ಲಿ ರಾತ್ರಿಯಿಡೀ ತಿರುಗುತ್ತದೆ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಧಾರಾಳ ನೀರು. ಪುಣೆಯ ಆ ತಣ್ಣನೆ ರಾತ್ರಿಗಳು ದೊಡ್ಡ ವರ. ಮುಂಬೈಯಲ್ಲಿರುವ ನನ್ನ ತಂಗಿ ಇದೇ ರೀತಿ ಮಾಡಿದಳು, ಗಿಡ ಉಳಿದವು, ಬೆಳೆಯಲಿಲ್ಲ. ಅಲ್ಲಿನ ರಾತ್ರಿ ಬೆಚ್ಚಗೆ, ಅಲ್ವಾ.

ನಡುವೆ ಇನ್ನೊಂದು ಪ್ರಯೋಗ. ಟೆನೆರಿಫ್ ಜ್ವಾಲಾಮುಖಿಯ ದ್ವೀಪ, ನಮ್ಮ ದಖ್ಖನ್ನಿನ ಕರಿಕಲ್ಲೂ ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾವೇ. ಕಟ್ಟಡದ ಕೆಲಸದ ಹತ್ತಿರ ಸಿಕ್ಕ ಸಣ್ಣ ಜಲ್ಲಿ ತೊಳೆದು ಪರ್ಲೈಟ್ (ಮಣ್ಣು ಸಡಿಲಾಗಲು ಬೆರೆಸುವ ಹಗುರ ಬಿಳಿ ಕಾಳು) ಬದಲು ಬೆರೆಸಿದೆ. ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಕುಂಡ ಗಾಳಿಗೆ ಉರುಳುವುದು ನಿಂತಿತು, ಖರ್ಚು ಮಾತ್ರ ಮುಕ್ಕಾಲು ಪಾಲು ಇಳಿಯಿತು. ಜಲ್ಲಿ, ಕೋಕೋಪೀಟ್ ಎಷ್ಟಕ್ಕೆಷ್ಟು, ಮೊದಲ ಮಳೆಗೆ ಮುಂಚೆ ಬುಡಕ್ಕೆ ಏನು ಹಚ್ಚುತ್ತೇನೆ ಅನ್ನೋದು ಸದ್ಯ ನನ್ನ ಹತ್ತಿರವೇ ಇರಲಿ.

ಕಟಿಂಗ್ ಬೇಕಾದವರು ದೀಪಾವಳಿ ಆದಮೇಲೆ ಕೇಳಿ. ಯಾವ ದಿಕ್ಕಿನ ಬಾಲ್ಕನಿ ಅಂತ ಮೊದಲೇ ಹೇಳಿದರೆ ಯಾವ ಜಾತಿ ಕೊಡಬೇಕು ಅಂತ ನಾನೇ ಆರಿಸಿಡುತ್ತೇನೆ.